ನೆಲದ ಬಲ, ಕಡಲ ಬಲ: ಮಹಾಶಕ್ತಿಗಳ ಏಳುಬೀಳು

ಒಂದು ದೇಶದ ಬೆಟ್ಟ, ಬಂದರು, ಜಲಸಂಧಿ, ನೆರೆಹೊರೆಗಳು ಅದರ ರಾಜಕೀಯ ಬಲವನ್ನು ಹೇಗೆ ರೂಪಿಸುತ್ತವೆ ಎಂಬ ವಿಚಾರವೇ ಭೂರಾಜಕೀಯ. ಗಡಿಗೆ ತಾಗಿದವನು ಶತ್ರು, ಅವನಾಚೆಗಿನವನು ಮಿತ್ರ ಎಂದು ಲೆಕ್ಕ ಹಾಕಿದ ಕೌಟಿಲ್ಯನ ಮಂಡಲ ಸಿದ್ಧಾಂತವೂ ಈ ಜಾತಿಯದೇ. ಆದರೆ ಇಡೀ ಭೂಗೋಳವನ್ನೇ ಒಂದು ಪಗಡೆ ಹಾಸಿನಂತೆ ಕಂಡವರು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ.

ಕಡಲು ಕೈಯಲ್ಲಿದ್ದರೆ

ಅಮೆರಿಕದ ನೌಕಾಧಿಕಾರಿ ಆಲ್‌ಫ್ರೆಡ್ ಥೇಯರ್ ಮಹಾನ್ 1890ರಲ್ಲಿ ಪ್ರಕಟಿಸಿದ ಗ್ರಂಥದ ವಾದ ಸರಳ: ಕಡಲ ವ್ಯಾಪಾರ, ಅದನ್ನು ಕಾಯುವ ನೌಕಾಪಡೆ, ದಾರಿಯುದ್ದಕ್ಕೂ ನೆಲೆಗಳು, ಈ ಮೂರೂ ಇದ್ದವರದೇ ಮೇಲುಗೈ. ಜಿಬ್ರಾಲ್ಟರ್, ಏಡನ್, ಸಿಂಗಾಪುರಗಳನ್ನು ಹಿಡಿದಿದ್ದ ಬ್ರಿಟನ್ನೇ ಇದಕ್ಕೆ ಜೀವಂತ ಸಾಕ್ಷಿ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಈ ಪುಸ್ತಕಕ್ಕೆ ಮಾರುಹೋಗಿದ್ದ.

ರೈಲು ತಂದ ಅಂಜಿಕೆ

1904ರ ಜನವರಿಯಲ್ಲಿ ಬ್ರಿಟಿಷ್ ಭೂಗೋಳಶಾಸ್ತ್ರಜ್ಞ ಹಾಲ್ಫರ್ಡ್ ಮ್ಯಾಕಿಂಡರ್ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ತದ್ವಿರುದ್ಧ ಮಾತಾಡಿದ. ಹಡಗು ಮುಟ್ಟಲಾಗದ ಯುರೇಷ್ಯಾದ ಒಳನಾಡಿಗೆ ರೈಲು ಬಂದರೆ, ಅದನ್ನು ಆಳುವವರು ಜಗತ್ತನ್ನೇ ಆಳಬಹುದು ಎಂಬುದು ಅವನ ಎಚ್ಚರಿಕೆ. ಸೈಬೀರಿಯಾದ ಉದ್ದಕ್ಕೂ ರಷ್ಯಾ ಹಳಿ ಹಾಕುತ್ತಿದ್ದ ಕಾಲವದು. ಶಾಸ್ತ್ರದ ವೇಷ ತೊಟ್ಟಿದ್ದರೂ ಅದರೊಳಗಿದ್ದದ್ದು ಬ್ರಿಟಿಷರ ಅಂಜಿಕೆಯೇ.

ಮುಂದೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಿಕೊಲಸ್ ಸ್ಪೈಕ್‌ಮನ್, ಒಳನಾಡಿಗಿಂತ ಅದರ ಸುತ್ತಲಿನ ಕರಾವಳಿ ಪಟ್ಟಿಯೇ ಮುಖ್ಯ ಎಂದ. ಶೀತಲ ಸಮರದಲ್ಲಿ ಸೋವಿಯತ್ ಒಕ್ಕೂಟದ ಸುತ್ತ ಅಮೆರಿಕ ಕಟ್ಟಿದ ಸೇನಾ ಒಪ್ಪಂದಗಳ ಸರಮಾಲೆ ಈ ವಿಚಾರಕ್ಕೆ ತೀರಾ ಹತ್ತಿರದ್ದು.

ಸೂಯೆಜ್, 1956

ಯಜಮಾನಿಕೆ ಬ್ರಿಟನ್ನಿನಿಂದ ಅಮೆರಿಕಕ್ಕೆ ಕೈಬದಲಾದದ್ದನ್ನು ಕಣ್ಣಾರೆ ಕಾಣಬೇಕಾದರೆ ಈ ಪ್ರಸಂಗ ನೋಡಬೇಕು. ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಇಸ್ರೇಲ್ ಜೊತೆ ಗುಟ್ಟಾಗಿ ಮಾತಾಡಿಕೊಂಡು ಬ್ರಿಟನ್, ಫ್ರಾನ್ಸ್ ನವೆಂಬರ್ ಮೊದಲ ವಾರ ಸೈನ್ಯ ಇಳಿಸಿದವು. ರಣರಂಗದಲ್ಲಿ ಅವು ಸೋಲಲಿಲ್ಲ. ಆದರೆ ಪೌಂಡ್ ಕುಸಿಯತೊಡಗಿತು. ಸೈನ್ಯ ಹಿಂದಕ್ಕೆ ಕರೆಸದೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೆ ಒಪ್ಪುವುದಿಲ್ಲವೆಂದು ಅಮೆರಿಕದ ಐಸೆನ್‌ಹೋವರ್ ಸರ್ಕಾರ ಪಟ್ಟುಹಿಡಿಯಿತು. ಮಿತ್ರನೇ ಕೈಕೊಟ್ಟಾಗ ಬ್ರಿಟನ್ ಡಿಸೆಂಬರ್‌ನಲ್ಲಿ ಜಾಗ ಖಾಲಿ ಮಾಡಿತು; ಮರು ತಿಂಗಳೇ ಪ್ರಧಾನಿ ಆಂಥನಿ ಈಡನ್ ರಾಜೀನಾಮೆ ಕೊಟ್ಟರು. ನೆಲೆ, ಹಡಗು ಎಲ್ಲ ಇದ್ದೂ ಬೊಕ್ಕಸ ಬರಿದಾದರೆ ಏನಾಗುತ್ತದೆಂದು ಮಹಾನ್ ಓದಿದವರು ಇಲ್ಲಿ ಕಲಿಯಬಹುದಿತ್ತು. ಆಯುಧವೊಂದೇ ಸಾಲದೆಂಬುದಕ್ಕೆ ಇನ್ನೊಂದು ಸಾಕ್ಷಿ: 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗಲೂ ಅದರ ಅಣ್ವಸ್ತ್ರಗಳು ಹಾಗೇ ಇದ್ದವು.

ಈಗ ಚೀನಾ

2013ರಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಘೋಷಿಸಿದ ಬೆಲ್ಟ್ ಅಂಡ್ ರೋಡ್ ಯೋಜನೆ ಮ್ಯಾಕಿಂಡರನ ರೈಲನ್ನೂ ಮಹಾನನ ಬಂದರನ್ನೂ ಒಟ್ಟಿಗೆ ಬಯಸುತ್ತದೆ. ಚೀನಾ ಆಮದು ಮಾಡುವ ತೈಲದ ಬಹುಪಾಲು ಸಾಗಿಬರುವ ಮಲಾಕಾ ಜಲಸಂಧಿ ಒಂದೆಡೆ ಸುಮಾರು ಮೂರೇ ಕಿಲೋಮೀಟರ್ ಅಗಲ. ಅದು ಮುಚ್ಚಿಹೋದೀತೆಂಬ ಅಳುಕು ಬೀಜಿಂಗಿಗೆ ಇದ್ದೇ ಇದೆ. 2017ರಲ್ಲಿ ಚೀನಾ ಆಫ್ರಿಕಾದ ಜಿಬೂಟಿಯಲ್ಲಿ ತನ್ನ ಮೊದಲ ವಿದೇಶಿ ಸೇನಾನೆಲೆ ತೆರೆಯಿತು. ಅರಬ್ಬಿ ಸಮುದ್ರದ ಈಚೆ ದಡದಲ್ಲಿ, ಕಾರವಾರದ ಬಳಿ, ಭಾರತದ ಕದಂಬ ನೌಕಾನೆಲೆ 2005ರಿಂದಲೇ ಕೆಲಸ ಮಾಡುತ್ತಿದೆ.