ಸದಾರಮೆ: ಬೆಳ್ಳಾವೆಯ ಲೇಖನಿ, ಗುಬ್ಬಿಯ ಕಳ್ಳ

ಪ್ರೇಮ, ಹಾಡು, ಹಾಸ್ಯಗಳನ್ನು ಬೆರೆಸಿದ ಚಿತ್ರಗಳೆಂದರೆ ಹಾಲಿವುಡ್ ನೆನಪಾಗುವುದು ಸಹಜ. 1937ರ ‘ವೈಕಿಕಿ ವೆಡ್ಡಿಂಗ್’ ಅಂಥದೊಂದು. ಹವಾಯಿ ದ್ವೀಪದ ಅನಾನಸ್ ಕಂಪನಿಯೊಂದರ ಪ್ರಚಾರಾಧಿಕಾರಿಯಾಗಿ ಬಿಂಗ್ ಕ್ರಾಸ್ಬಿ ಅದರಲ್ಲಿ ಹಾಡುತ್ತ ನಾಯಕಿಯ ಮನ ಗೆಲ್ಲುತ್ತಾನೆ. ಅದರ ಗೀತೆಯೊಂದಕ್ಕೆ ಆಸ್ಕರ್ ಕೂಡ ಬಂತು. ಆದರೆ ಅದಕ್ಕಿಂತ ಎರಡು ವರ್ಷ ಮೊದಲೇ, 1935ರಲ್ಲಿ, ತುಮಕೂರು ಸೀಮೆಯ ರಂಗಭೂಮಿಯಿಂದ ಇದೇ ಜಾತಿಯ ಕನ್ನಡ ವಾಕ್ಚಿತ್ರವೊಂದು ಮೂಡಿಬಂದಿತ್ತು. ಅದೇ ‘ಸದಾರಮೆ’. ಅದರಲ್ಲಿ ದ್ವೀಪವಿಲ್ಲ, ಕಾಡಿದೆ, ಕಾಡಿನಲ್ಲೊಬ್ಬ ಕಳ್ಳನಿದ್ದಾನೆ.

ಮೂಲ ನಾಟಕ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಅವರ ಹೆಸರಿನೊಡನಿರುವ ಊರು ತುಮಕೂರು ನಗರಕ್ಕೆ ಸಮೀಪದ್ದೇ. ರಾಜಕುಮಾರ ಜಯವೀರನು ವರ್ತಕನ ಮಗಳು ಸದಾರಮೆಗೆ ಮನಸೋಲುತ್ತಾನೆ. ಹೆಣ್ಣಿನ ತಂದೆಯೋ ಮದುವೆಗೆ ರಾಜ್ಯವನ್ನೇ ಬೆಲೆಯಾಗಿ ಕೇಳುತ್ತಾನೆ! ರಾಜ್ಯ ಕಳೆದುಕೊಂಡ ದಂಪತಿ ಅಲೆಯುತ್ತ ಅಗಲುತ್ತಾರೆ, ಸದಾರಮೆ ಕಳ್ಳನ ಕೈಗೆ ಸಿಕ್ಕುತ್ತಾಳೆ. ಮುಂದಿನದೇ ಸ್ವಾರಸ್ಯ. ಅವಳನ್ನು ಬಿಡಿಸಲು ಯಾವ ವೀರನೂ ಬರುವುದಿಲ್ಲ. ಕಳ್ಳನನ್ನು ಜಾಣತನದಿಂದ ವಂಚಿಸಿ, ಗಂಡುವೇಷ ತೊಟ್ಟು, ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾಳೆ. ಹಾಲಿವುಡ್ಡಿನ ದ್ವೀಪಸುಂದರಿಯರಿಗೆ ಇಷ್ಟು ಕೆಲಸ ಸಿಕ್ಕಿದ್ದು ಅಪರೂಪ.

ಇದನ್ನು ಮನೆಮಾತಾಗಿಸಿದ್ದು 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಬಾಲನಟನಾಗಿ ಸೇರಿದ ವೀರಣ್ಣ ಮುಂದೆ ಕಂಪನಿಯ ಒಡೆಯರಾದರು. ಅವರು ಆರಿಸಿಕೊಂಡದ್ದು ರಾಜಕುಮಾರನ ಪಾತ್ರವನ್ನಲ್ಲ, ಕಳ್ಳನದನ್ನು. ಹಾಸ್ಯಗಾರನೇ ನಾಟಕದ ನಡುಗಂಬವಾದ. ನಾಯಕನ ಹಾಡು ಮುಗಿಯುವುದನ್ನೇ ಕಾದು ಕುಳಿತ ಪ್ರೇಕ್ಷಕರನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ. ರಾಜಾ ಚಂದ್ರಶೇಖರ್ ನಿರ್ದೇಶಿಸಿದ ಚಿತ್ರದಲ್ಲಿಯೂ ವೀರಣ್ಣನವರಿದ್ದರು.

1972ರಲ್ಲಿ ಅವರು ನಿಧನರಾದರು. ತುಮಕೂರಿನ ಕಲಾಕ್ಷೇತ್ರಕ್ಕೂ ರಾಜ್ಯ ಸರ್ಕಾರದ ರಂಗಪ್ರಶಸ್ತಿಗೂ ಅವರ ಹೆಸರಿದೆ. ನರಹರಿ ಶಾಸ್ತ್ರಿಗಳಿಗೆ ಆ ಭಾಗ್ಯ ಒದಗಿದ್ದು ಕಡಿಮೆ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ (1934) ಸಾಹಿತ್ಯ ರಚಿಸಿದವರೂ ಅವರೇ, ಆ ಚಿತ್ರದ ಪ್ರತಿ ಉಳಿದಿಲ್ಲ. ಹಳೆಯ ಚಿತ್ರಗಳನ್ನು ಜೋಪಾನ ಮಾಡುವ ವ್ಯವಸ್ಥೆ ಆಗ ಇದ್ದಿದ್ದರೆ ಇಂದಿನವರು ಅವರ ಮಾತುಗಾರಿಕೆಯನ್ನು ತೆರೆಯ ಮೇಲೇ ಕೇಳಬಹುದಿತ್ತು.

‘ಸದಾರಮೆ’ಯ ಅದೃಷ್ಟ ಬೇರೆ. ವೀರಣ್ಣನವರ ಮೊಮ್ಮಗಳು, 2013ರ ಪದ್ಮಶ್ರೀ ಪುರಸ್ಕೃತೆ ಬಿ. ಜಯಶ್ರೀ ಅದನ್ನು ಮತ್ತೆ ರಂಗಕ್ಕೆ ತಂದರು. ಅವರು ವಹಿಸಿದ ಪಾತ್ರ ಸದಾರಮೆಯದಲ್ಲ, ತಾತನ ಕಳ್ಳನದು.