ಹೂವು ಮತ್ತು ತಿಥಿ: ವಸಂತದ ಮೊದಲ ಸೂಚನೆಗಳನ್ನು ಬರೆದಿಟ್ಟವರು

ವಸಂತವು ಎಂದು ಬರುತ್ತದೆ ಎಂಬ ಪ್ರಶ್ನೆಗೆ ಪಂಚಾಂಗವು ಒಂದು ಉತ್ತರವನ್ನು ಕೊಡುತ್ತದೆ, ಮನೆಯ ಹಿತ್ತಿಲು ಮತ್ತೊಂದನ್ನು. ಚೈತ್ರ ವೈಶಾಖಗಳೇ ವಸಂತವೆಂಬುದು ಪಂಚಾಂಗದ ನಿರ್ಣಯ. ನಮ್ಮ ನಾಡಿನ ಮಾವಾದರೋ ಚೈತ್ರವನ್ನು ಕಾಯುವುದಿಲ್ಲ. ಅದು ಬಹುಮಟ್ಟಿಗೆ ಪುಷ್ಯ ಮಾಘಗಳಲ್ಲಿಯೇ ಹೂತಿರುತ್ತದೆ. ಈ ಎರಡು ಉತ್ತರಗಳನ್ನು ಒಂದೇ ಪುಟದಲ್ಲಿ, ವರ್ಷವರ್ಷವೂ ಬರೆದಿಟ್ಟರೆ ಅದು ಇತಿಹಾಸದ ಆಕರವಾಗುತ್ತದೆ. ಹಾಗೆ ಬರೆದಿಟ್ಟವರ ಕಥೆಯೊಂದು ಇಂಗ್ಲೆಂಡಿನಲ್ಲಿದೆ.

ನಾರ್ಫೋಕ್ ಪ್ರಾಂತದ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಹಳ್ಳಿಯ ಜಮೀನುದಾರ ರಾಬರ್ಟ್ ಮಾರ್ಷಮ್ (1708–1797) ಮರಗಳನ್ನು ನೆಡುವುದರಲ್ಲಿಯೂ ಅವುಗಳ ಬೆಳವಣಿಗೆಯನ್ನು ಅಳೆಯುವುದರಲ್ಲಿಯೂ ಆಸಕ್ತನಾಗಿದ್ದವನು. 1736ರಿಂದ ಅವನು ತನ್ನ ಮನೆಯ ಸುತ್ತ ಕಂಡ ವಸಂತದ ಗುರುತುಗಳನ್ನು ದಿನಾಂಕಸಹಿತ ಬರೆಯತೊಡಗಿದನು. ಚಳಿ ಇಳಿಯುವ ಮೊದಲೇ ತಲೆಯೆತ್ತುವ ಸ್ನೋಡ್ರಾಪ್ ಎಂಬ ಬಿಳಿಯ ಹೂವು, ಓಕ್ ಮರದ ಮೊದಲ ಚಿಗುರು, ರೂಕ್ ಎಂಬ ಕಾಗೆಗಳು ಗೂಡು ಕಟ್ಟಿದ ದಿನ, ಕುಕ್ಕೂ ಹಕ್ಕಿಯ ಮೊದಲ ದನಿ, ಕಪ್ಪೆಗಳ ವಟಗುಟ್ಟುವಿಕೆ, ಹಳದಿ ಚಿಟ್ಟೆಯ ಸುಳಿವು: ಹೀಗೆ 27 ಸೂಚನೆಗಳ ಕೋಷ್ಟಕವನ್ನು ಲಂಡನ್ನಿನ ರಾಯಲ್ ಸೊಸೈಟಿಯು 1789ರಲ್ಲಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿತು. ಅವನ ತರುವಾಯ ವಂಶಸ್ಥರು, ನಡುವೆ ಕೆಲವು ವರ್ಷಗಳ ತೆರಪಿದ್ದರೂ, 1958ರವರೆಗೆ ಆ ದಾಖಲೆಯನ್ನು ಮುಂದುವರಿಸಿದರು.

ಇದೇ ಕಾಲದಲ್ಲಿ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಮನೆಯ ತೋಟದ ದಿನಚರಿಯನ್ನು 1751ರಿಂದ ಬರೆಯುತ್ತಿದ್ದನು. 1768ರಿಂದ ಅವನು ಅಚ್ಚುಹಾಕಿದ ನಮೂನೆಯೊಂದನ್ನು ಬಳಸಿದನು. ಅದರಲ್ಲಿ ಉಷ್ಣತೆ, ಗಾಳಿ, ಮಳೆಗಳ ಜೊತೆಗೆ ಮೊದಲು ಚಿಗುರಿದ ಮರ, ಮೊದಲು ಅರಳಿದ ಹೂ, ಮೊದಲು ಕಂಡ ಹಕ್ಕಿ ಇವಕ್ಕೂ ಅಂಕಣಗಳಿದ್ದವು. 1790ರಲ್ಲಿ, 82 ವರ್ಷದ ಮಾರ್ಷಮ್ ಮತ್ತು 70 ವರ್ಷದ ವೈಟ್ ಪರಸ್ಪರ ಪತ್ರ ಬರೆಯಲಾರಂಭಿಸಿದರು. 1793ರಲ್ಲಿ ವೈಟ್ ತೀರಿಕೊಳ್ಳುವವರೆಗೂ ಆ ಪತ್ರವ್ಯವಹಾರ ನಡೆಯಿತು.

ಈ ಟಿಪ್ಪಣಿಗಳ ಬೆಲೆ ಬರೆದವರಿಗೂ ಪೂರ್ಣವಾಗಿ ತಿಳಿದಿರಲಾರದು. 1995ರಲ್ಲಿ ವಿಜ್ಞಾನಿಗಳು ಮಾರ್ಷಮ್ ಮನೆತನದ 1736ರಿಂದ 1947ರವರೆಗಿನ ದಾಖಲೆಯನ್ನು ಪರಿಶೀಲಿಸಿ, ಜೀವಿಗಳು ಹವೆಯ ಏರಿಳಿತಕ್ಕೆ ಎರಡು ಶತಮಾನಗಳಲ್ಲಿ ಹೇಗೆ ಸ್ಪಂದಿಸಿದವೆಂಬುದನ್ನು ತೋರಿಸಿದರು. ವರ್ಷದ ಆರಂಭದ ತಿಂಗಳುಗಳು ಬೆಚ್ಚಗಿದ್ದಲ್ಲಿ ಓಕ್ ಬೇಗ ಚಿಗುರುತ್ತದೆ ಎಂಬುದು ಊಹೆಯಾಗಿ ಉಳಿಯದೆ ಲೆಕ್ಕವಾಯಿತು.

ಆದರೆ ಇಂತಹ ಆಕರವನ್ನು ಬಳಸುವವನು ಮೊದಲು ಕಾಲಗಣನೆಯನ್ನು ಬಲ್ಲವನಾಗಿರಬೇಕು. ಇಂಗ್ಲೆಂಡು 1752ರಲ್ಲಿ ಕ್ಯಾಲೆಂಡರನ್ನು ಬದಲಿಸಿ 11 ದಿನಗಳನ್ನು ಬಿಟ್ಟಿತು. ಅದಕ್ಕೆ ಮೊದಲು ಅಲ್ಲಿ ಅಧಿಕೃತ ವರ್ಷವು ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ ಜನವರಿ, ಫೆಬ್ರವರಿಗಳನ್ನು ಹಿಂದಿನ ವರ್ಷಕ್ಕೆ ಸೇರಿಸಿ ಬರೆಯುವ ರೂಢಿಯಿತ್ತು. ವಸಂತದ ಮೊದಲ ಸೂಚನೆಗಳು ತೋರುವುದೂ ಇದೇ ತಿಂಗಳುಗಳಲ್ಲಿ. ಆ ಕಾಲದ ಟಿಪ್ಪಣಿಯನ್ನು ಎಚ್ಚರವಿಲ್ಲದೆ ಓದಿದರೆ ಹೂವು ಒಂದು ವರ್ಷವೇ ಹಿಂದಕ್ಕೆ ಸರಿದೀತು.

ಈ ಎಚ್ಚರ ಕನ್ನಡ ಶಾಸನಗಳ ಓದುಗರಿಗೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯನ್ನು ನೋಡಬಹುದು. ಮುನಿಯು ಮೂರು ದಿನಗಳ ಉಪವಾಸದಿಂದ ದೇಹತ್ಯಾಗ ಮಾಡಿದ ಕಾಲವನ್ನು ಅದು ಶಕ 1050, ಕೀಲಕ ಸಂವತ್ಸರ, ಫಾಲ್ಗುಣ ಕೃಷ್ಣ ತೃತೀಯೆ, ಭಾನುವಾರ, ಸ್ವಾತಿ ನಕ್ಷತ್ರ, ಮಧ್ಯಾಹ್ನವೆಂದು ನಿರ್ದೇಶಿಸುತ್ತದೆ. ಇದು ಕ್ರಿ.ಶ. 1129ರ ಮಾರ್ಚ್ 10ಕ್ಕೆ ಸರಿಹೊಂದುತ್ತದೆ. ಹೊತ್ತನ್ನೂ ಬಿಡದ ಆ ಕಲ್ಲು, ಅಂದು ಬೆಟ್ಟದ ಕೆಳಗೆ ಯಾವ ಮರ ಹೂತಿತ್ತೆಂಬುದನ್ನು ಹೇಳುವುದಿಲ್ಲ. ಹೇಳುವುದು ಅದರ ಉದ್ದೇಶವೂ ಅಲ್ಲ.

ಕಾವ್ಯದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ಋತುವರ್ಣನೆಯು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದು. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯ ಮಾಮರ, ಸಂಪಗೆ, ಕೋಗಿಲೆ, ತುಂಬಿಗಳು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಆ ಸೊಬಗು ಯಾವ ವರ್ಷದ್ದು, ಯಾವ ಮಾಸದ್ದು ಎಂದು ಕೇಳುವುದು ಅರಸಿಕತೆಯಾದೀತು. ಕವಿಸಮಯದ ವಸಂತವು ಎಲ್ಲ ವರ್ಷಗಳಿಗೂ ಸಲ್ಲುವಂತಹದು. ಒಟ್ಟಿನಲ್ಲಿ ಶಾಸನದಲ್ಲಿ ತಿಥಿಯಿದೆ, ಹೂವಿಲ್ಲ. ಕಾವ್ಯದಲ್ಲಿ ಹೂವಿದೆ, ತಿಥಿಯಿಲ್ಲ. ಮಾರ್ಷಮನ ಕೋಷ್ಟಕವು ಈ ಎರಡನ್ನೂ ಜೋಡಿಸಿತು ಎಂಬುದೇ ಅದರ ಹಿರಿಮೆ.

ಹಾಗೆಂದು ನಮ್ಮಲ್ಲಿ ಇವೆರಡೂ ಎಲ್ಲಿಯೂ ಸಂಧಿಸುವುದಿಲ್ಲವೆನ್ನಲಾಗದು. ಯುಗಾದಿಯಂದು ಬೇವು ಬೆಲ್ಲಕ್ಕೆ ಬೇವಿನ ಹೂ ಬೇಕು. ಚಾಂದ್ರಮಾನ ಯುಗಾದಿಯು ಅಧಿಕಮಾಸದ ದೆಸೆಯಿಂದ ಹಿಂದುಮುಂದಾಗುತ್ತದೆ: 2021ರಲ್ಲಿ ಏಪ್ರಿಲ್ 13, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. ಹಬ್ಬ ಬೇಗ ಬಂದ ವರ್ಷ ಹಿತ್ತಿಲ ಬೇವಿನಲ್ಲಿ ಮೊಗ್ಗಷ್ಟೇ ಇರಬಹುದು. ತಡವಾಗಿ ಬಂದಾಗ ಮರವೆಲ್ಲ ಹೂವಾಗಿರಬಹುದು. ಪ್ರತಿ ಮನೆಯವರೂ ಇದನ್ನು ಕಂಡವರೇ. ಆದರೆ ಕಂಡದ್ದನ್ನು ಬರೆದಿಟ್ಟವರು ವಿರಳ. ಕಾಣದೆ ಹೋದದ್ದಕ್ಕಿಂತ ಬರೆಯದೆ ಹೋದದ್ದರಿಂದಲೇ ನಮಗೆ ನಷ್ಟವಾಗಿದೆ.

ಸಂಶೋಧನ ವಿದ್ಯಾರ್ಥಿಗಳು ಹಳೆಯ ಮನೆಗಳ ಕಡತಗಳಲ್ಲಿ ದಾನಪತ್ರ, ಓಲೆಗರಿಗಳನ್ನು ಹುಡುಕುವಾಗ ಪಂಚಾಂಗದ ಅಂಚಿನಲ್ಲಿ ಗೀಚಿದ ಒಂದು ಸಾಲನ್ನೂ ಕಡೆಗಣಿಸದಿರಲಿ. ಮುಂದಿನವರಿಗಾಗಿ ನಾವೇ ಬರೆಯುವುದಾದರೆ ಊರು, ಮರ, ಮೊದಲ ಹೂ ಕಂಡ ದಿನ, ಇಷ್ಟು ಸಾಕು. ತಿಥಿಯ ಜೊತೆಗೆ ಸೌರ ದಿನಾಂಕವೂ ಇರಬೇಕು. ತಿಥಿಯೊಂದೇ ಇದ್ದರೆ ಅಧಿಕಮಾಸದ ಲೆಕ್ಕವನ್ನು ಓದುಗನು ಮಾಡಿಕೊಳ್ಳಬೇಕಾಗುತ್ತದೆ. ಪ್ರತಿ ವರ್ಷವೂ ಅದೇ ಮರವನ್ನೇ ನೋಡಬೇಕು. ಮಾರ್ಷಮ್ ಮಾಡಿದ್ದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ. ಆದರೆ ಅವನು ಅದನ್ನು ಅರುವತ್ತು ವರ್ಷ ಮಾಡಿದನು.