ಮಂಗಳೂರಿನ ಅಶು ಮತ್ತು ಯಹೂದಿ ಚರಿತ್ರೆಯ ದಾರಿಗಳು

ಯಹೂದಿ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಗಡೀಪಾರು, ಗೆಟ್ಟೊ, ನಾಜಿ ಶಿಬಿರಗಳು. ನಾಜಿಗಳು ಅಧಿಕಾರಕ್ಕೆ ಬರುವ ಮೊದಲೇ, 1928ರಲ್ಲಿ, ಸಾಲೊ ಬ್ಯಾರನ್ ಎಂಬ ಇತಿಹಾಸಕಾರರು ಯಹೂದಿ ಬದುಕನ್ನು ಬರೀ ಕಣ್ಣೀರಿನ ಕಥೆಯಾಗಿ ಬರೆಯುವುದನ್ನು ವಿರೋಧಿಸಿದ್ದರು. ಮುಂದೆ ಅವರ ತಂದೆತಾಯಿಯೇ ನಾಜಿಗಳಿಗೆ ಬಲಿಯಾದರು. ಆದರೂ ಅವರು ಆ ನಿಲುವನ್ನು ಬಿಡಲಿಲ್ಲ. ಸಾವನ್ನಷ್ಟೇ ಬರೆದರೆ ಆ ಜನ ಬದುಕಿದ್ದ ರೀತಿ ಮರೆಯಾಗುತ್ತದೆ ಎಂಬುದು ಆ ವಾದದಿಂದ ನಾನು ಕಲಿತ ಪಾಠ.

ಬದುಕಿನ ಚರಿತ್ರೆಗೆ ದೊಡ್ಡ ಆಕರ ಸಿಕ್ಕಿದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ. ದೇವರ ಹೆಸರಿರುವ ಕಾಗದವನ್ನು ನಾಶ ಮಾಡಬಾರದೆಂಬ ನಂಬಿಕೆಯಿಂದ ಅಲ್ಲಿನವರು ಹಳೆಯ ಬರಹಗಳನ್ನು 'ಗೆನಿಜಾ' ಎಂಬ ಕೋಣೆಗೆ ಹಾಕುತ್ತಿದ್ದರು. ಪತ್ರ, ಲೆಕ್ಕ, ಕರಾರುಗಳೂ ಅಲ್ಲಿ ಸೇರಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅವುಗಳ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎಸ್.ಡಿ. ಗೊಯಿಟೈನ್ ಅವನ್ನು ಓದಿ ಮಧ್ಯಯುಗದ ಸಾಮಾನ್ಯರ ಸಂಸಾರ, ಸಾಲ, ಜಗಳಗಳ ಚಿತ್ರ ಕಟ್ಟಿದರು. ಅವರಲ್ಲಿ ಹಲವರ ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಆ ಕಾಗದಗಳಲ್ಲಿ ನಮ್ಮ ಕರಾವಳಿಯೂ ಇದೆ. ಇಂದಿನ ಟ್ಯುನೀಶಿಯಾದ ಮಹದಿಯಾದಿಂದ ಬಂದ ವರ್ತಕ ಅಬ್ರಹಾಂ ಬೆನ್ ಯಿಜು ಹಲವು ವರ್ಷ ಮಂಗಳೂರಿನಲ್ಲಿದ್ದ. 1132ರಲ್ಲಿ ಅಶು ಎಂಬ ದಾಸಿಗೆ ಅವನು ಇಲ್ಲಿಯೇ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳಿಗೆ 'ಬೆರಾಖಾ', ಅಂದರೆ ಆಶೀರ್ವಾದ, ಎಂಬ ಹೊಸ ಹೆಸರೂ ಬಂತು. ಅವನ ಮಕ್ಕಳಿಗೆ ಅವಳೇ ತಾಯಿ ಎಂದು ವಿದ್ವಾಂಸರು ಊಹಿಸುತ್ತಾರೆ. ಯಹೂದಿ ಧರ್ಮಶಾಸ್ತ್ರದಲ್ಲಿ ಮಕ್ಕಳ ಗುರುತು ತಾಯಿಯಿಂದ ಬರುತ್ತದೆ. ಹಾಗಾಗಿ ಆ ಪತ್ರದ ತೂಕ ಒಬ್ಬ ಹೆಣ್ಣಿನ ಬಿಡುಗಡೆಗಷ್ಟೇ ಸೀಮಿತವಲ್ಲ. ಮುಂದಿನ ಪೀಳಿಗೆಯನ್ನು ಸಮುದಾಯ ತನ್ನದೆಂದು ಒಪ್ಪಬೇಕೇ ಎಂಬ ಪ್ರಶ್ನೆಯೂ ಅದರಲ್ಲಿದೆ. 1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. 1156ರಲ್ಲಿ ಮಗಳ ಮದುವೆ ಈಜಿಪ್ಟಿನಲ್ಲಿ, ಅವನ ಅಣ್ಣತಮ್ಮಂದಿರೊಬ್ಬರ ಮಗನೊಂದಿಗೆ ನಡೆಯಿತು.

ಸಂಶೋಧನಾ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಅಶುವಿನ ಮೌನ. ಅವಳ ಬಗ್ಗೆ ಇರುವುದೆಲ್ಲ ಬೇರೆಯವರ ಕೈಬರಹ. ಹೊಸ ಹೆಸರು ಅವಳಿಗೆ ಬೇಕಿತ್ತೇ ಎಂದು ಆ ಪತ್ರ ಹೇಳುವುದಿಲ್ಲ. ಕಣ್ಣೀರಿನ ಚರಿತ್ರೆಯನ್ನು ಬಿಟ್ಟು ಬದುಕಿನ ಚರಿತ್ರೆಗೆ ಬಂದರೂ, ಯಾರ ಬದುಕು ಎಂದು ಕೇಳದಿದ್ದರೆ ಅಶು ಮತ್ತೆ ವರ್ತಕನ ಕಥೆಯ ಅಡಿಟಿಪ್ಪಣಿಯಾಗುತ್ತಾಳೆ. ಯಹೂದಿ ಗುರುತು ಕೈರೋದಲ್ಲಷ್ಟೇ ರೂಪುಗೊಳ್ಳಲಿಲ್ಲ. ಅದರ ಒಂದು ಎಳೆ ತುಳುನಾಡಿನ ಹೆಣ್ಣೊಬ್ಬಳ ಮೂಲಕವೂ ಹಾದುಹೋಗಿದೆ.